ಮೂರಕ್ಕಿಂತ ಕಡಿಮೆ

ಕಂಪ್ಯೂಟರಿನ ತೆರೆಯ ಮೇಲೆ ‘ಮೂರಕ್ಕಿಂತ ಕಡಿಮೆ’ ಎಂದು ಮೂಡಿದಾಗ ಅವಳಿಗಾದದ್ದು ಸಂತೋಷವಲ್ಲ. ಯಾರೋ ತನ್ನನ್ನು ಸುಮ್ಮನೆ ಕ್ಷಮಿಸಿಬಿಟ್ಟರೇನೋ ಎಂಬಂಥ ಮುಜುಗರ. ಕ್ಷಮಿಸಲು ನೀನು ಮಾಡಿದ್ದಾದರೂ ಏನು ಎಂದು ಕೇಳಿದ್ದರೆ ಹೇಳಲು ಏನೂ ಇರಲಿಲ್ಲ. ಅತ್ತೆ ಬಿದ್ದಾಗ ಅವಳು ಮನೆಯಲ್ಲೇ ಇರಲಿಲ್ಲ. ಆಸ್ಪತ್ರೆಯ ಲ್ಯಾಬಿನ ಇದೇ ಕುರ್ಚಿಯಲ್ಲಿ, ಗುಂಯ್‌ಗುಡುವ ಈ ಫ್ರಿಜ್ಜುಗಳ ನಡುವೆ, ಯಾರದೋ ಮೂತ್ರಪಿಂಡದ, ಯಾರದೋ ಯಕೃತ್ತಿನ ಸಂಖ್ಯೆಗಳಿಗೆ ಸಹಿ ಹಾಕುತ್ತ ಕೂತಿದ್ದಳು. ಆದರೂ ಮಗಳು ಫೋನು ಮಾಡಿ ‘ಅಜ್ಜಿ ಸ್ಟೂಲಿಂದ ಬಿದ್ರು, ಏಳೋಕೆ ಆಗ್ತಿಲ್ಲ’ ಎಂದ ಗಳಿಗೆಯಿಂದ ಎದೆಯ ಒಳಮೈಗೆ ಏನೋ ಅಂಟಿಕೊಂಡಂತಾಗಿ, ಕೆಮ್ಮಿದರೂ ಹೋಗದೆ, ನೀರು ಕುಡಿದರೂ ಇಳಿಯದೆ ಉಳಿದಿತ್ತು. ಸೊಂಟದ ಮೂಳೆ ಮುರಿದಿತ್ತು. ನಿನ್ನೆ ಆಪರೇಶನ್ ಆಗಿತ್ತು. ಇವತ್ತು ಬೆಳಿಗ್ಗೆ ತೆಗೆದ ಅತ್ತೆಯ ರಕ್ತ, ಊರವರೆಲ್ಲರ ಕೊಳವೆಗಳ ಜೊತೆ ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ಒಳಗೆ ಹೋಗಿ, ಈಗ ಈ ಉತ್ತರ ಕಳಿಸಿತ್ತು. ಆಪರೇಶನ್ನಿಗೆ ಮೊದಲು ತೆಗೆದದ್ದೂ ಇದನ್ನೇ ಹೇಳಿತ್ತು. ಎರಡು ಸಲವೂ ಒಂದೇ ಮಾತು. ಇನ್ನೇನು ಬೇಕು.

ವಯಸ್ಸಾದವರಿಗೆ ಯಾವ ಆಪರೇಶನ್ ಆದರೂ ಮೊದಲೊಮ್ಮೆ, ಮಾರನೆಯ ದಿನ ಇನ್ನೊಮ್ಮೆ ರಕ್ತ ತೆಗೆದು ಟ್ರೋಪೋನಿನ್ ನೋಡುವ ಪದ್ಧತಿಯನ್ನು ಈ ಆಸ್ಪತ್ರೆಗೆ ತಂದವಳು ಅವಳೇ. ಹೃದಯದ ಸ್ನಾಯುವಿಗೆ ಪೆಟ್ಟಾದರೆ ಅದರೊಳಗಿನ ಈ ಪ್ರೋಟೀನು ರಕ್ತಕ್ಕೆ ಸೋರುತ್ತದೆ. ಆಪರೇಶನ್ ಆದವರ ಹೃದಯ ಕೂಗಿ ಹೇಳುವುದಿಲ್ಲ. ನೋವಿನ ಔಷಧಿ ಸೊಂಟದ ನೋವನ್ನೂ ಎದೆಯ ನೋವನ್ನೂ ಒಂದೇ ಕಂಬಳಿ ಹೊದಿಸಿ ಮಲಗಿಸಿರುತ್ತದೆ. ರೋಗಿ ಹಾಸಿಗೆಯಲ್ಲಿ ಕೂತು ಕಾಫಿ ಆರಿದೆಯೆಂದು ಜಗಳ ತೆಗೆಯುತ್ತಿರುತ್ತಾನೆ, ಮನೆಯವರು ಡಿಸ್ಚಾರ್ಜ್ ಯಾವಾಗ ಎಂದು ಕೇಳುತ್ತಿರುತ್ತಾರೆ, ಅಷ್ಟರಲ್ಲಿ ಒಂದು ದಿನ ಸದ್ದಿಲ್ಲದೆ ಎಲ್ಲ ಮುಗಿದಿರುತ್ತದೆ. ಅದಕ್ಕೇ ರೋಗಿಯನ್ನು ಕೇಳಬೇಡಿ, ರಕ್ತವನ್ನು ಕೇಳಿ ಎಂದು ಅವಳು ಸಭೆಯಿಂದ ಸಭೆಗೆ ಹೇಳಿ, ಹಟ ಹಿಡಿದು, ಕೆಲವರಿಗೆ ಬೇಡವಾದವಳಾಗಿ ಈ ಪದ್ಧತಿ ತಂದಿದ್ದಳು. ಸಂಖ್ಯೆ ಏರಿದವರನ್ನು ಹೃದಯದ ಡಾಕ್ಟರು ತಮ್ಮ ಪಟ್ಟಿಯಲ್ಲಿಟ್ಟು ಕಾಯುತ್ತಾರೆ, ಏರದವರನ್ನು ಬಿಡುತ್ತಾರೆ. ಅಳೆಯುವ ಯಂತ್ರ ಒಂದು ಸಣ್ಣ ಕೋಣೆಯಷ್ಟಿದೆ. ಲ್ಯಾಬಿನವರು ಅದಕ್ಕೆ ದೊಡ್ಡಮ್ಮ ಎಂದು ಹೆಸರಿಟ್ಟಿದ್ದರು; ಅದರ ಗಾತ್ರಕ್ಕೆ, ಬೆಳಿಗ್ಗೆ ಎಬ್ಬಿಸಿದಾಗ ಮಾಡುವ ಗೊಣಗಾಟಕ್ಕೆ, ಎಲ್ಲರ ಮನೆಯ ಒಳಗುಟ್ಟೂ ಅದಕ್ಕೆ ಗೊತ್ತಿರುವುದಕ್ಕೆ. ಮೂರಕ್ಕಿಂತ ಕೆಳಗೆ ಅದಕ್ಕೆ ಕಣ್ಣು ಕಾಣುವುದಿಲ್ಲ, ಹಾಗಾಗಿ ‘ಮೂರಕ್ಕಿಂತ ಕಡಿಮೆ’ ಎಂದು ಬರೆದು ಕೈತೊಳೆದುಕೊಳ್ಳುತ್ತದೆ. ವಾರ್ಡಿನಿಂದ ಯಾರಾದರೂ ಫೋನು ಮಾಡಿ ಈ ರಿಪೋರ್ಟು ಸರಿ ಇದೆಯಾ ಎಂದು ರಾಗ ಎಳೆದರೆ ಅವಳದು ಒಂದೇ ಉತ್ತರ: ‘ಸ್ಯಾಂಪಲ್ ಸರಿಯಾಗಿ ಕಳಿಸಿ. ದೊಡ್ಡಮ್ಮ ಸುಳ್ಳು ಹೇಳಲ್ಲ.’

ಹೃದಯದ ಡಾಕ್ಟರು ಲ್ಯಾಬಿನ ಕಿಟಕಿಗೆ ಮೊಣಕೈ ಊರಿ ನಿಂತರು. ಏನು ಕೇಳಿದರೂ ‘ಕಾದು ನೋಡೋಣ’ ಎನ್ನುವುದರಿಂದ ಆಸ್ಪತ್ರೆಯಲ್ಲೆಲ್ಲ ಅವರಿಗೆ ಕಾದುನೋಡೋಣ ಎಂದೇ ಹೆಸರು. ಅವರಿಗೂ ಅದು ಗೊತ್ತು. ‘ಮೇಡಂ, ನಿಮ್ಮ ಅತ್ತೆ ಪಾಸಾದ್ರಂತೆ. ನನ್ನ ಲಿಸ್ಟಿಂದ ತೆಗೀಲಾ?’ ಎಂದರು. ‘ತೆಗೀರಿ’ ಎಂದಳು. ‘ನಾನಾಗಿದ್ರೆ ಒಂದು ಸಲ ಬಂದು ಕಾದು ನೋಡ್ತಿದ್ದೆ. ಆದ್ರೆ ದೊಡ್ಡಮ್ಮನ ತೀರ್ಪಿಗೆ ಅಪೀಲಿಲ್ಲ ಅಲ್ವಾ’ ಎಂದು ನಕ್ಕು ಹೋದರು. ಗಂಡನಿಗೆ ಫೋನು ಮಾಡಿದಳು. ‘ಎಷ್ಟು ಬಂತು?’ ಎಂದ. ‘ಏನೂ ಇಲ್ಲ ಅನ್ನೋಷ್ಟು ಕಡಿಮೆ.’ ‘ಹಾಗಾದ್ರೆ ಅಮ್ಮನ ಹಾರ್ಟು ನಿನ್ನದಕ್ಕಿಂತ ಗಟ್ಟಿ ಅನ್ನು.’ ‘ನಿಮ್ಮದಕ್ಕಿಂತನೂ.’ ಅವನು ಬಹಳ ಹೊತ್ತಿನಿಂದ ಬಿಗಿಹಿಡಿದ ಉಸಿರು ಬಿಟ್ಟದ್ದು ಕೇಳಿಸಿತು. ಫೋನು ಇಟ್ಟ ಮೇಲೂ, ಎಲ್ಲ ಸರಿಯಾದ ಮೇಲೂ, ಎದೆಗೆ ಅಂಟಿಕೊಂಡದ್ದು ಅಲ್ಲೇ ಇತ್ತು. ಹೋದ ವರ್ಷದ ಜ್ವರದ ನಂತರ ಅತ್ತೆಯ ರಕ್ತದಲ್ಲಿ ಇದೇ ಪ್ರೋಟೀನು ಹದಿನೇಳಿತ್ತು. ಅವಳೇ ನೋಡಿದ್ದಳು. ವಯಸ್ಸಾದವರಲ್ಲಿ, ಮೂತ್ರಪಿಂಡ ಸ್ವಲ್ಪ ಸೋತವರಲ್ಲಿ, ಅಷ್ಟು ಇರುತ್ತದೆ, ಅದಕ್ಕೆ ಭಯವಿಲ್ಲ. ಆದರೆ ಹದಿನೇಳು ಹದಿಮೂರಾಗಬಹುದು, ಇಪ್ಪತ್ತಾಗಬಹುದು. ಮುರಿದ ಸೊಂಟದ ಮುದುಕಿಯ ರಕ್ತದಲ್ಲಿ ಅದು ಇಲ್ಲವೇ ಇಲ್ಲ ಎನ್ನುವಷ್ಟು ಹೇಗೆ ಇಳಿಯುತ್ತದೆ? ಈ ಪ್ರಶ್ನೆ ಬಂದು ಬಾಗಿಲಲ್ಲಿ ನಿಂತಿತು. ಅವಳು ಒಳಗೆ ಕರೆಯಲಿಲ್ಲ. ಬೇಡದ ಸಂಖ್ಯೆ ಬಂದರೆ ಎಲ್ಲರೂ ಇನ್ನೊಮ್ಮೆ ಪರೀಕ್ಷೆ ಮಾಡಿ ನೋಡುತ್ತಾರೆ. ಬೇಕಾದ ಸಂಖ್ಯೆ ಬಂದರೆ ಯಾರೂ ಮಾಡುವುದಿಲ್ಲ. ಹೀಗೆಂದು ತಾನೇ ತರಗತಿಯಲ್ಲಿ ವಿದ್ಯಾರ್ಥಿಗಳನ್ನು ನಗಿಸಿದ್ದು ನೆನಪಾಯಿತು. ಕೈಚೀಲದಿಂದ ಬಾಚಣಿಗೆ ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡು ಮೇಲಿನ ವಾರ್ಡಿಗೆ ಹೊರಟಳು.

ಬಾಚಣಿಗೆ ಯಾಕೆ ತಂದೆ ಎಂಬುದು ಅವಳಿಗೇ ಸ್ಪಷ್ಟವಿರಲಿಲ್ಲ. ನಿನ್ನೆ ಆಪರೇಶನ್ ಥಿಯೇಟರಿನಿಂದ ಹೊರಗೆ ಬಂದಾಗ ಅತ್ತೆಯ ತಲೆಗೆ ಹಾಕಿದ್ದ ಹಸಿರು ಟೋಪಿ ಜಾರಿ, ಕೂದಲು ದಿಂಬಿನ ಮೇಲೆ ಹರಡಿಕೊಂಡಿತ್ತು. ಮಂಪರಿನಲ್ಲೇ ಅವರ ಕೈ ಅದನ್ನು ಮುಚ್ಚಲು ತಡಕಾಡಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ಅತ್ತೆ ತಲೆ ಬಾಚುವುದನ್ನು ಅವಳು ನೋಡಿರಲಿಲ್ಲ. ಬಾಗಿಲು ಹಾಕಿಕೊಂಡು ಬಾಚಿಕೊಂಡು, ಬಿಗಿಯಾಗಿ ಹೆಣೆದು, ಬಾಚಣಿಗೆಗೆ ಬಂದದ್ದನ್ನು ಉಂಡೆ ಮಾಡಿ ಎಲ್ಲೋ ಮಾಯ ಮಾಡಿ, ಸಿದ್ಧರಾಗಿಯೇ ಹೊರಗೆ ಬರುತ್ತಿದ್ದರು. ಹಳೆಯ ಫೋಟೋದಲ್ಲಿ ಮಾವನ ಪಕ್ಕ ನಿಂತ ಹುಡುಗಿಯ ಜಡೆ ಚೌಕಟ್ಟಿನ ಕೆಳಗೆ ಎಲ್ಲಿಗೋ ಇಳಿದುಹೋಗಿತ್ತು. ಜ್ವರ ಬಂದು ಹೋದ ಮೇಲೆ ಹಿಡಿ ಹಿಡಿಯಾಗಿ ಉದುರಿತು. ಆಮೇಲೆ ಮನೆಯೊಳಗೂ ತಲೆಗೆ ಹತ್ತಿಬಟ್ಟೆ ಸುತ್ತಿಕೊಳ್ಳತೊಡಗಿದರು. ತಣ್ಣಗಾಗತ್ತೆ ಎನ್ನುತ್ತಿದ್ದರು. ಯಾರೂ ಹೆಚ್ಚು ಕೇಳಲಿಲ್ಲ. ಅವಳಿಗಂತೂ ತನ್ನ ತಲೆಯ ಚಿಂತೆಯೇ ಹಾಸಿ ಹೊದೆಯುವಷ್ಟಿತ್ತು. ಬೈತಲೆ ಅಗಲವಾಗುತ್ತಿದೆ ಎಂದು ಕನ್ನಡಿಯ ಮುಂದೆ ಕುತ್ತಿಗೆ ತಿರುಚಿ ನೋಡಿಕೊಂಡು, ಔಷಧಿ ಅಂಗಡಿಯಲ್ಲಿ ದನಿ ತಗ್ಗಿಸಿ ಕೇಳಿ, ಒಂದು ವಿಟಮಿನ್ ಮಾತ್ರೆಯ ಡಬ್ಬಿ ತಂದಿದ್ದಳು. ಅದರಿಂದ ಕೂದಲು ಬರುತ್ತದೆ ಎಂಬುದಕ್ಕೆ ನೆಟ್ಟಗೆ ಪುರಾವೆಯಿಲ್ಲ ಎಂದು ಗೊತ್ತಿದ್ದೂ ತಂದಿದ್ದಳು. ಡಬ್ಬಿ ಬೇಗ ಬೇಗ ಖಾಲಿಯಾಗತೊಡಗಿತು. ಒಂದು ಸಂಜೆ ಊಟದ ಮೇಜಿನಲ್ಲಿ, ಲ್ಯಾಬಿನ ಯಾವುದೋ ಸಿಟ್ಟನ್ನು ಮನೆಗೆ ತಂದವಳು, ‘ಈ ಮನೇಲಿ ನನ್ನದು ಅಂತ ಒಂದು ಡಬ್ಬಿನೂ ಉಳಿಯಲ್ಲ. ಕೇಳಿದ್ರೆ ಕೊಡಲ್ವಾ ನಾನು? ಕೇಳದೆ ತಗೊಂಡ್ರೆ ಅದಕ್ಕೆ ಏನಂತಾರೆ?’ ಎಂದು ಮಗಳ ಮುಖ ನೋಡಿ ಕೇಳಿದ್ದಳು. ‘ನಂಗ್ಯಾಕಮ್ಮ ಅದು? ನನ್ನ ತಲೇಲಿ ಬಾಚಣಿಗೆನೇ ಮುರಿಯತ್ತೆ’ ಎಂದಳು ಮಗಳು. ‘ನನ್ನ ಕಡೆ ನೋಡ್ಬೇಡ, ನನ್ನದು ಮಾತ್ರೆ ದಾಟಿ ಹೋದ ಕೇಸು’ ಎಂದು ಗಂಡ ತನ್ನ ಬೋಳುತಲೆ ಸವರಿಕೊಂಡ. ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು, ನಗುತ್ತಲೇ ತಲೆಬಟ್ಟೆಯನ್ನು ಎಳೆದು ಸರಿಮಾಡಿಕೊಂಡರು. ಮಾರನೆಯ ದಿನ ಅವಳು ಡಬ್ಬಿಯನ್ನು ಯಾರ ಕಣ್ಣಿಗೂ ಬೀಳದ ಕಡೆ ಎತ್ತಿಟ್ಟಳು.

ವಾರ್ಡಿನಲ್ಲಿ ಅತ್ತೆಯ ಪಕ್ಕದ ಹಾಸಿಗೆಯಲ್ಲಿ ಮಂಡಿ ಆಪರೇಶನ್ ಆದ ಒಬ್ಬಾಕೆ ಇದ್ದರು. ಅವರ ಮಂಡಿಗೆ ಬಂದ ವಿಶ್ರಾಂತಿ ಬಾಯಿಗೆ ಬಂದಿರಲಿಲ್ಲ. ‘ಬಂದ್ರಲ್ಲ ಸೊಸೆ. ನಿಮ್ಮ ಅತ್ತೆ ಬೆಳಿಗ್ಗೆಯಿಂದ ಬಾಗಿಲನ್ನೇ ನೋಡ್ತಿದಾರೆ’ ಎಂದರು. ‘ಬಾಗಿಲಲ್ಲ, ಅದರ ಮೇಲಿರೋ ಗಡಿಯಾರ’ ಎಂದರು ಅತ್ತೆ. ‘ಏನಂತೆ ನಿನ್ನ ದೊಡ್ಡಮ್ಮ?’ ‘ಫಸ್ಟ್ ಕ್ಲಾಸ್ ಅಂತೆ.’ ‘ಅವಳಿಗೇನು, ಕೂತಲ್ಲೇ ಹೇಳ್ತಾಳೆ. ರಾತ್ರಿ ಪೂರ್ತಿ ಬೆವರಿ ಬೆವರಿ ಸಾಕಾಯ್ತು ನಂಗೆ. ಈ ಫ್ಯಾನು ಸರಿ ಇಲ್ಲ.’ ಪಕ್ಕದಾಕೆ ‘ನನಗೆ ಚಳಿಯಾಗಿ ಎರಡು ಹೊದಿಕೆ ಕೇಳಿದೆ’ ಎಂದರು. ಫ್ಯಾನು ಇಬ್ಬರ ನಡುವೆ ತಿರುಗುತ್ತಿತ್ತು. ಅತ್ತೆಯ ಎಡಗೈಗೆ ಸೂಜಿ ಚುಚ್ಚಿ ಪಟ್ಟಿ ಹಾಕಿದ್ದರು. ಬಲಗೈ ಕನ್ನಡಕದ ಪೆಟ್ಟಿಗೆಯ ಮೇಲಿತ್ತು. ಬಿದ್ದ ದಿನವೂ ಸ್ಟ್ರೆಚರಿನ ಮೇಲೆ ನೀರು ಕೇಳುವ ಮೊದಲು ಕೇಳಿದ್ದು ಅದನ್ನೇ, ಕನ್ನಡಕ ಮೂಗಿನ ಮೇಲೆಯೇ ಇದ್ದಾಗಲೂ.

‘ತಲೆ ಬಾಚಲಾ ಅತ್ತೆ?’ ಎಂದಳು. ಕೇಳಿದ ಮೇಲೆ ಮುಖ ಬಿಸಿಯಾಯಿತು. ಅತ್ತೆ ಚಾವಣಿ ನೋಡಿದರು, ಸೂಜಿಯ ಕೈ ನೋಡಿದರು. ‘ಒಂದು ಕೈಲಿ ಆಗಲ್ವಲ್ಲ. ಬಾಚು. ಆದ್ರೆ ಆ ಪರದೆ ಎಳಿ.’ ಪರದೆ ಎಳೆದಾಗ ಪಕ್ಕದಾಕೆಯ ನಿರಾಸೆ ಬಟ್ಟೆಯಾಚೆಗೂ ಗೊತ್ತಾಯಿತು. ಹಾಸಿಗೆಯ ತಲೆಭಾಗವನ್ನು ಮೆಲ್ಲಗೆ ಏರಿಸಿ, ಬೆನ್ನಿಗೆ ದಿಂಬು ಕೊಟ್ಟು, ಟೋಪಿ ಬಿಚ್ಚಿದಳು. ತಲೆ ಅಂಗೈಯಲ್ಲಿ ಅವಳು ಎಣಿಸಿದ್ದಕ್ಕಿಂತ ಹಗುರವಾಗಿತ್ತು, ಬಿಸಿಯಾಗಿತ್ತು. ಕಿವಿಯ ಹಿಂದೆ ಕೂಸಿನ ಕುತ್ತಿಗೆಯಂಥ ಒಂದು ಮಡಿಕೆಯಿತ್ತು. ಮಗಳು ಹುಟ್ಟಿದಾಗ ಅತ್ತೆಯ ಕೈಗಳೇ ಅಲ್ಲವೇ ಆ ತಲೆಯನ್ನು ಹೇಗೆ ಹಿಡಿಯಬೇಕೆಂದು ತೋರಿಸಿಕೊಟ್ಟದ್ದು. ‘ಮೊಟ್ಟೆ ಅಂದ್ಕೋ, ಆದ್ರೆ ಹೆದರಬೇಡ, ಹೆದರಿದ್ರೆ ಅದಕ್ಕೆ ಗೊತ್ತಾಗತ್ತೆ’ ಎಂದಿದ್ದರು. ತುದಿಯಿಂದ ಸಿಕ್ಕು ಬಿಡಿಸುತ್ತ ಮೇಲೆ ಬಂದಳು. ಹಣೆಯಂಚಿನಲ್ಲಿ, ಬೈತಲೆಯ ಎರಡೂ ಬದಿಗೆ, ಗುಬ್ಬಿಮರಿಯ ಮೈಯ ತುಪ್ಪಳದ ಹಾಗೆ ಮೆತ್ತನೆಯ ಮೋಟು ಕೂದಲು ಎದ್ದು ನಿಂತಿತ್ತು. ಬಾಚಣಿಗೆಗೆ ಒಂದೆಳೆಯೂ ಬರಲಿಲ್ಲ.

‘ಹೊಸದು. ನೋಡಿದ್ಯಾ?’ ಎಂದರು ಅತ್ತೆ. ದನಿಯಲ್ಲಿ ಹೊಸ ಬಟ್ಟೆ ತೊಟ್ಟ ಹುಡುಗಿಯ ನಾಚಿಕೆ. ‘ಎಷ್ಟೊಂದು ಬಂದಿದೆ’ ಎಂದಳು. ‘ತಾನಾಗೇ ಬಂತು. ನಾನೇನೂ ಹಚ್ಚಿಲ್ಲ, ಏನೂ ಮಾಡಿಲ್ಲ. ತಾನಾಗೇ.’ ಯಾರೂ ಕೇಳಿರಲಿಲ್ಲ.

ಬಾಚಣಿಗೆ ಕೂದಲಲ್ಲೇ ನಿಂತಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಅಂದು ಮೇಜಿನಲ್ಲಿ ಒಂದು ಕೈ ತಲೆಬಟ್ಟೆಯನ್ನು ಮುಟ್ಟಿ ನೋಡಿಕೊಂಡಿತ್ತು, ಅವಳು ಮಗಳ ಮುಖ ನೋಡುತ್ತಿದ್ದಳು. ಮೂಗಿನ ಮೇಲೆ ಕನ್ನಡಕವಿದ್ದವರಿಗೆ ಅದರ ಪೆಟ್ಟಿಗೆ ಯಾಕೆ ಬೇಕಿತ್ತು? ಆಪರೇಶನ್ನಿನ ಮುಂಚೆ ಸಿಸ್ಟರ್ ಬಂದು ದಿನಾ ಯಾವ ಯಾವ ಮಾತ್ರೆ ತಗೊಳ್ತೀರಿ ಎಂದು ಅತ್ತೆಯನ್ನು ಕೇಳಿದ್ದರು. ‘ಬೀಪಿಗೆ ಒಂದು, ಸಕ್ಕರೆಗೆ ಒಂದು, ಬೇರೆ ಏನೂ ಇಲ್ಲ’ ಎಂದು ಉತ್ತರಿಸಿದ್ದು ಅವಳು. ಅತ್ತೆ ಬಾಯಿ ತೆರೆದಿದ್ದರು. ಮುಚ್ಚಿದ್ದರು. ಸೊಸೆ ಆಸ್ಪತ್ರೆಯವಳು, ಅವಳಿಗೆ ಎಲ್ಲ ಗೊತ್ತು. ಮತ್ತೆ ಆ ವಿಟಮಿನ್. ಅದರ ಹೆಸರು ಅವಳ ಪಾಠದಲ್ಲೇ ಇತ್ತು, ಪ್ರತಿ ವರ್ಷ ಹೇಳುವ ಪಾಠ. ರಕ್ತದಲ್ಲಿ ತೇಲುವ ಪ್ರೋಟೀನನ್ನು ಹಿಡಿದು ತಂದು ಕೂರಿಸಲು ಯಂತ್ರದೊಳಗೆ ಸಣ್ಣ ಸಣ್ಣ ಆಸನಗಳಿವೆ. ಹಿಡಿಯುವ ಕೊಂಡಿಗೆ ಅದೇ ವಿಟಮಿನ್ನಿನ ಬಾಲ ಕಟ್ಟಿರುತ್ತಾರೆ, ಆ ಬಾಲ ನೋಡಿಯೇ ಆಸನ ಜಾಗ ಕೊಡುವುದು. ರೋಗಿ ವಿಟಮಿನ್ನನ್ನು ಮುಷ್ಟಿಗಟ್ಟಲೆ ನುಂಗಿದ್ದರೆ, ಬಸ್ಸು ಹೊರಡುವ ಮೊದಲೇ ಯಾರೋ ಬಂದು ಎಲ್ಲ ಸೀಟಿಗೂ ಕರವಸ್ತ್ರ ಹಾಕಿಟ್ಟ ಹಾಗೆ. ಪ್ರೋಟೀನು ಹತ್ತಲಾಗದೆ ತೊಳೆದುಹೋಗುತ್ತದೆ. ಯಂತ್ರ ಖಾಲಿ ಬಸ್ಸನ್ನು ಎಣಿಸಿ, ಯಾರೂ ಇಲ್ಲ ಎನ್ನುತ್ತದೆ. ಅದೇ ಹೋಲಿಕೆ ಹೇಳಿ, ಅದೇ ಜಾಗದಲ್ಲಿ ನಗಿಸಿ, ಮನೆಗೆ ಬಂದು ಕನ್ನಡಿ ಕಪಾಟು ತೆರೆದು ಅದೇ ಮಾತ್ರೆ ನುಂಗುತ್ತಿದ್ದಳು. ಪಾಠದ ವಿಟಮಿನ್ನೂ ಕಪಾಟಿನ ವಿಟಮಿನ್ನೂ ಅವಳ ತಲೆಯಲ್ಲಿ ಒಂದಕ್ಕೊಂದು ಪರಿಚಯವಾಗಿರಲೇ ಇಲ್ಲ. ಅತ್ತೆ ರಾತ್ರಿ ಪೂರ್ತಿ ಬೆವರಿದರು. ಡಾಕ್ಟರು ಪಟ್ಟಿಯಿಂದ ತೆಗೀಲಾ ಎಂದರು. ತೆಗೀರಿ ಎಂದಳು.

ಕೇಳಬೇಕು. ಎಷ್ಟು ನುಂಗಿದ್ದಾರೆ, ಕೊನೆಯದು ಯಾವಾಗ, ಇದು ತಿಳಿಯದೆ ಡಾಕ್ಟರ ಮುಂದೆ ಅವಳ ಮಾತು ಬರೀ ಅನುಮಾನವಾಗುತ್ತದೆ. ಆದರೆ ‘ನೀವು ನನ್ನ ಮಾತ್ರೆ ತಗೊಂಡ್ರಾ’ ಎಂಬ ವಾಕ್ಯವನ್ನು ಎಷ್ಟು ಮೃದುವಾಗಿ ತಿರುವಿ ನೋಡಿದರೂ ಅದರ ಒಳಗಿಂದ ಊಟದ ಮೇಜಿನ ಆ ಪ್ರಶ್ನೆಯೇ ಇಣುಕುತ್ತಿತ್ತು: ಕೇಳದೆ ತಗೊಂಡ್ರೆ ಅದಕ್ಕೆ ಏನಂತಾರೆ? ಪರದೆಯಾಚೆ ಒಂದು ಹಾಸಿಗೆ ಕಿವಿಯಾಗಿ ಮಲಗಿತ್ತು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದರೆ ಕೋಲನ್ನು ಹಿಡಿಯುವುದು ಎಲ್ಲಿ? ಅವಳು ಕೂದಲನ್ನು ಮೂರು ಪಾಲು ಮಾಡಿ ಹೆಣೆಯಲು ತೊಡಗಿದಳು. ಕೈ ಆಡುತ್ತಿದ್ದರೆ ದನಿ ನಡುಗುವುದಿಲ್ಲ.

‘ಅತ್ತೆ, ಒಂದು ವಿಷಯ ಹೇಳಿದ್ರೆ ನಗಬಾರದು.’

‘ನಗೋಕೆ ಹೊಲಿಗೆ ಹಾಕಿರೋ ಜಾಗ ಬಿಡಲ್ಲ. ಹೇಳು.’

‘ನಾನು ಕೂದಲಿಗೆ ಮಾತ್ರೆ ತಗೊಳ್ತೀನಲ್ಲ. ಡಬ್ಬಿ ಮೇಲೆ ದಿನಕ್ಕೆ ಒಂದು ಅಂತ ಬರೆದಿದೆ. ನಾನು ಯಾರಿಗೂ ಹೇಳದೆ ನಾಲ್ಕು ನುಂಗ್ತೀನಿ. ಬೇಗ ಬರಲಿ ಅಂತ.’

‘ನಾಲ್ಕಾ? ಹೊಟ್ಟೆ ತೊಳಸಲ್ವೇನೇ ನಿಂಗೆ? ನಂಗೆ ಮೂರಕ್ಕೇ...’

ಫ್ಯಾನು ತಿರುಗಿತು. ಆಚೆ ಯಾರೋ ತಳ್ಳುಗಾಡಿ ತಳ್ಳಿಕೊಂಡು ಹೋದರು. ಅವಳು ಹೆಣೆಯುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅತ್ತೆಗೆ ಗೊತ್ತಾಗುತ್ತಿತ್ತು. ಬೆನ್ನು ಕೊಟ್ಟು ಕೂತವರ ಕಿವಿಯ ತುದಿ ಕೆಂಪಾಗುವುದನ್ನು ನೋಡಿ ನೋಟ ಜಡೆಗೆ ಇಳಿಸಿದಳು. ‘ಮೂರೇ ಸರಿ’ ಎಂದಳು, ‘ನಾನೂ ಮೂರಕ್ಕೆ ಇಳಿಸ್ತೀನಿ. ಇವತ್ತು ಬೆಳಿಗ್ಗೆನೂ ಮೂರಾ?’

‘ಹೂಂ’ ಎಂದರು ಅತ್ತೆ. ‘ಸಿಸ್ಟರ್ ರಕ್ತ ತೆಗೆಯೋಕೆ ಬರೋ ಮೊದಲೇ. ಬಂದ್ಮೇಲೆ ನೋಡ್ತಾರಲ್ಲ.’ ಮತ್ತೆ, ಗೋಡೆಗೆ ಹೇಳುವ ಹಾಗೆ, ‘ಕೇಳಿದ್ರೆ ಕೊಡ್ತೀಯ ಅಂತ ಗೊತ್ತಿತ್ತು ಕಣೇ. ಕೇಳೋಕೇ ಆಗಲಿಲ್ಲ. ಮಂಡಿಗೆ ಮಾತ್ರೆ ಬೇಕು ಅಂತ ಕೇಳಬಹುದು, ನಿದ್ದೆಗೆ ಬೇಕು ಅಂತ ಕೇಳಬಹುದು. ಈ ವಯಸ್ಸಲ್ಲಿ ಕೂದಲು ಬೇಕು ಅಂತ ಹೇಗೆ ಕೇಳ್ತಾರೆ?’

‘ನಾನು ಅಂಗಡೀಲಿ ಕೇಳಿದ ಹಾಗೆ. ಹಿಂದೆ ಮುಂದೆ ನೋಡಿ, ಗುಟ್ಟಾಗಿ’ ಎಂದಳು. ಅತ್ತೆಯ ಬೆನ್ನು ಸ್ವಲ್ಪ ಅಲುಗಿತು, ನಗು ಇರಬೇಕು. ಅವಳು ಬಾಗಿ ಕಿವಿಯ ಹತ್ತಿರ, ಪರದೆಗೂ ಕೇಳಿಸದ ಹಾಗೆ ಹೇಳಿದಳು: ಈ ಮಾತ್ರೆಯಿಂದ ನಿಮಗೇನೂ ಕೆಟ್ಟದಾಗಿಲ್ಲ, ಆದರೆ ಇದು ದೊಡ್ಡಮ್ಮನ ಕಣ್ಣಿಗೆ ಮಣ್ಣೆರಚುತ್ತದೆ, ಬೇರೆ ಕಡೆ ಇನ್ನೊಮ್ಮೆ ನೋಡಿಸಬೇಕು, ಈಗಲೇ. ಅತ್ತೆ ಕನ್ನಡಕದ ಪೆಟ್ಟಿಗೆಯನ್ನು ಹಿಂದಕ್ಕೆ ಚಾಚಿದರು. ಅದು ಕೈಗೆ ಬಂದಾಗ ಒಳಗೆ ಗಲಗಲ ಸದ್ದಾಯಿತು. ಜಡೆ ಅರ್ಧ ಹೆಣೆದದ್ದು ಹಾಗೇ ಉಳಿಯಿತು.

ಅವಳು ಮೊದಲು ಮಾಡಿದ್ದು ಹೃದಯದ ಡಾಕ್ಟರಿಗೆ ಫೋನು. ‘ಪಟ್ಟಿಯಿಂದ ತೆಗೆದದ್ದು ತಪ್ಪು. ಬೆವರು ಇದೆ. ನಮ್ಮ ಸಂಖ್ಯೆ ನಂಬಬೇಡಿ, ಯಾಕೆ ಅಂತ ಹೇಳ್ತೀನಿ’ ಎಂದು ಹೇಳಿದಳು. ಆ ಕಡೆಯಿಂದ ಕಾದು ನೋಡೋಣ ಎಂಬ ಮಾತು ಬರಲಿಲ್ಲ. ‘ಇಸಿಜಿ ಮಾಡಿಸ್ತಿರ್ತೀನಿ, ನೀವು ಹೋಗಿ’ ಎಂದರು. ಸಿಸ್ಟರ್ ಹೊಸದಾಗಿ ತೆಗೆದುಕೊಟ್ಟ ರಕ್ತವನ್ನೂ, ಆಪರೇಶನ್ನಿಗೆ ಮೊದಲಿನದರಲ್ಲಿ ಉಳಿದು ಫ್ರಿಜ್ಜಿನಲ್ಲಿ ಕೂತಿದ್ದ ಕೊಳವೆಯನ್ನೂ ಕೋಟಿನ ಒಳಜೇಬಿನಲ್ಲಿಟ್ಟುಕೊಂಡು ರಸ್ತೆ ದಾಟಿದಳು. ಎದುರಿನ ಲ್ಯಾಬಿನ ಯಂತ್ರ ಬೇರೆ ಬಗೆಯದು, ಅದಕ್ಕೆ ಆ ವಿಟಮಿನ್ನಿನ ಹಂಗಿಲ್ಲ. ಅದನ್ನು ನೋಡಿಕೊಳ್ಳುವವಳು ಒಂದು ಕಾಲದಲ್ಲಿ ಅವಳ ವಿದ್ಯಾರ್ಥಿನಿ. ಈ ಯಂತ್ರವನ್ನು ಒಂದು ಸಭೆಯಲ್ಲಿ ಅವಳು ‘ಆಟದ ಸಾಮಾನು’ ಎಂದು ಹಂಗಿಸಿದ್ದಳು, ಮುಂದಿನ ಸಾಲಿನಲ್ಲಿ ಇದೇ ಹುಡುಗಿ ಕೂತಿದ್ದಳು. ಹುಡುಗಿ ಕೊಳವೆಗಳನ್ನು ತೆಗೆದುಕೊಂಡು, ‘ಮೇಡಂ, ದೊಡ್ಡಮ್ಮನ ಮೇಲೆ ನಿಮಗೇ ಅನುಮಾನವಾ?’ ಎಂದಳು. ‘ಹೌದು.’ ‘ಕರವಸ್ತ್ರದ ಕೇಸಾ?’ ‘ಹೌದು.’ ಹುಡುಗಿ ನಗಲಿಲ್ಲ. ಕುರ್ಚಿ ಎಳೆದು ಕೊಟ್ಟು, ಸಾಲಿನಲ್ಲಿ ಮುಂದಿದ್ದ ಕೊಳವೆಗಳನ್ನು ಸರಿಸಿ ಇವನ್ನು ಇಟ್ಟಳು.

ಯಂತ್ರ ಓಡುತ್ತಿರುವಾಗ ಮಾಡಲು ಕೆಲಸವಿಲ್ಲದೆ ಅವಳು ಜೇಬಿನಿಂದ ಕನ್ನಡಕದ ಪೆಟ್ಟಿಗೆ ತೆಗೆದಳು. ಒಳಗಿನ ಮಖಮಲ್ಲಿನ ಮೇಲೆ ಹಳದಿ ಮಾತ್ರೆಗಳು ಮೊಟ್ಟೆಗಳ ಹಾಗೆ ಒಂದಕ್ಕೊಂದು ಒತ್ತಿ ಮಲಗಿದ್ದವು. ಬಹಳ ಇದ್ದವು. ತಾನು ಎತ್ತಿಟ್ಟ ಡಬ್ಬಿಯವೇ. ‘ಕಂಬಳಿ ತೆಗೆಯೋಕೆ ಸ್ಟೂಲು ಹತ್ತಿದೆ’ ಎಂದಿದ್ದರು ಅತ್ತೆ, ಬಿದ್ದದ್ದು ಹೇಗೆ ಎಂದು ಕೇಳಿದವರಿಗೆಲ್ಲ. ಈ ಸೆಕೆಯಲ್ಲಿ, ಕಿಟಕಿಯೆಲ್ಲ ತೆರೆದಿಟ್ಟು ಮಲಗುವ ದಿನಗಳಲ್ಲಿ, ಕಂಬಳಿ. ಯಾರೂ ಯೋಚಿಸಿರಲಿಲ್ಲ. ಅವಳು ಡಬ್ಬಿಯನ್ನು ಇಟ್ಟದ್ದು ಬೀರುವಿನ ನೆತ್ತಿಯ ಮೇಲೆ, ಮಡಿಸಿಟ್ಟ ಕಂಬಳಿಗಳ ಹಿಂದೆ. ಅಂಟಿಕೊಂಡದ್ದು ಏನೆಂದು ಈಗ ಗೊತ್ತಾಯಿತು. ಗೊತ್ತಾದರೆ ಇಳಿಯುತ್ತದೆ ಎಂದುಕೊಂಡಿದ್ದಳು, ಇಳಿಯಲಿಲ್ಲ, ಬರೀ ಅದಕ್ಕೊಂದು ಆಕಾರ ಬಂತು. ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತು, ಒಂದು ಕೈಯಲ್ಲಿ ಬೀರು ಹಿಡಿದು, ಇನ್ನೊಂದು ಕೈಯನ್ನು ಕಂಬಳಿಗಳ ಹಿಂದೆ ತೂರಿಸಿ ತಡಕುವ ಮುದುಕಿ. ಕೆಳಗಿನ ಕೋಣೆಯಲ್ಲಿ ಮೊಮ್ಮಗಳು ಓದುತ್ತಿದ್ದಾಳೆ, ಸದ್ದಾಗಬಾರದು. ಪೆಟ್ಟಿಗೆ ತುಂಬಿಕೊಂಡು, ಡಬ್ಬಿಯನ್ನು ಇದ್ದ ಹಾಗೇ ಇಟ್ಟು, ಇಳಿಯಲು ಕಾಲು ಕೆಳಗೆ ಚಾಚಿ...

‘ಮೇಡಂ’ ಎಂದಳು ಹುಡುಗಿ. ಮೊದಲಿನದು ಇಪ್ಪತ್ತೆರಡು. ಇವತ್ತಿನದು ನೂರ ಹದಿನೆಂಟು. ಅವಳು ಎರಡನ್ನೂ ಎರಡೆರಡು ಸಲ ಓದಿದಳು. ನೌಕರಿಯಲ್ಲಿ ಮೊದಲ ಸಲ ಒಂದು ಕೆಟ್ಟ ಸಂಖ್ಯೆಯನ್ನು ನೋಡಿ ಎರಡೂ ಕೈಯಲ್ಲಿ ಎತ್ತಿಕೊಳ್ಳಬೇಕು ಎನ್ನಿಸಿತು.

ಸಂಜೆಯ ಹೊತ್ತಿಗೆ ಅತ್ತೆಯನ್ನು ಎದೆಬಡಿತ ಕಾಯುವ ಕೋಣೆಗೆ ಸಾಗಿಸಿದ್ದರು. ಇಸಿಜಿಯಲ್ಲಿ ಸಣ್ಣ ಬದಲಾವಣೆಯಿತ್ತು. ಹೃದಯಕ್ಕೆ ಸದ್ದಿಲ್ಲದೆ ಒಂದು ಪೆಟ್ಟು ಬಿದ್ದಿತ್ತು. ದೊಡ್ಡದಲ್ಲ, ಆದರೆ ದೊಡ್ಡದರ ಮುನ್ಸೂಚನೆ ಆಗಬಹುದಾದಂಥದ್ದು. ಔಷಧಿ ಶುರುವಾಗಿತ್ತು. ಡಾಕ್ಟರು ಇಡೀ ಮಧ್ಯಾಹ್ನ ಆ ಹಾಸಿಗೆಯ ಸುತ್ತಲೇ ಇದ್ದರು. ‘ಸಿಕ್ಕಿದ್ದು ಒಳ್ಳೇದಾಯ್ತು. ಗೊತ್ತಿಲ್ಲದೆ ಮನೆಗೆ ಕಳಿಸಿಬಿಟ್ಟಿದ್ರೆ ಕಷ್ಟ ಇತ್ತು. ಈಗ ನಾವು ಅದಕ್ಕಿಂತ ಒಂದು ಹೆಜ್ಜೆ ಮುಂದಿದೀವಿ’ ಎಂದರು. ಆಮೇಲೆ ತಡೆಯಲಾರದೆ, ‘ಕಾದು ನೋಡೋಣ’ ಎಂದೂ ಸೇರಿಸಿದರು. ಗಂಡ ಬಂದವನು ತಾಯಿಯ ಪಾದವನ್ನು ಹೊದಿಕೆಯ ಮೇಲಿಂದಲೇ ಹಿಡಿದುಕೊಂಡು ಕೂತಿದ್ದ. ಅತ್ತೆ ಕಣ್ಣು ಮುಚ್ಚಿದ್ದರು. ‘ಬೆಳಿಗ್ಗೆ ಏನೂ ಇಲ್ಲ ಅಂದೆ, ಈಗ ಇದೆ ಅಂತಿದೀಯ’ ಎಂದ ಅವಳ ಕಡೆ ತಿರುಗಿ. ಸಿಟ್ಟಿರಲಿಲ್ಲ, ದಣಿವಿತ್ತು. ‘ಏನಾಯ್ತು ಮಧ್ಯೆ?’

ಅವಳು ಅತ್ತೆಯ ಮುಖ ನೋಡಿದಳು. ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ನಿಂತಿತ್ತು, ನಿದ್ದೆ ಬಂದವರದು ಹಾಗೆ ನಿಲ್ಲುವುದಿಲ್ಲ. ‘ದೊಡ್ಡಮ್ಮ ತಪ್ಪು ಹೇಳಿತು’ ಎಂದಳು.

‘ಅದು ಸುಳ್ಳು ಹೇಳಲ್ಲ ಅಂತ ನೀನೇ ಊರಿಗೆಲ್ಲ ಸಾರ್ತಿದ್ದೆ.’

‘ಹೇಳತ್ತೆ. ಕೆಲವು ಸಲ.’

ಮದುವೆಯಾದಾಗಿನಿಂದ ಆ ಯಂತ್ರದ ಪರವಾಗಿ ವಾದ ಕೇಳಿ ಕೇಳಿ ಸೋತವನಿಗೆ ಇದು ಹೊಸದು. ‘ನಿನಗೂ ಸುಸ್ತಾಗಿದೆ. ಚಹಾ ತರ್ತೀನಿ’ ಎಂದು ಎದ್ದು ಹೋದ. ಬಾಗಿಲು ಮುಚ್ಚಿಕೊಂಡಿತು. ಹಾಸಿಗೆಯ ಪಕ್ಕ ಎದೆಬಡಿತ ತೋರಿಸುವ ಪರದೆಯಲ್ಲಿ ಹಸಿರು ಗೆರೆ ಏರುತ್ತ ಇಳಿಯುತ್ತ ಹೋಗುತ್ತಿತ್ತು. ಅವಳು ಬಾಚಣಿಗೆ ತೆಗೆದಳು. ಅರ್ಧ ಹೆಣೆದ ಜಡೆ ದಿಂಬಿನ ಮೇಲೆ ಬಿಚ್ಚಿಕೊಳ್ಳುತ್ತ ಬಿದ್ದಿತ್ತು. ಎತ್ತಿ, ಬಿಡಿಸಿ, ಮೊದಲಿನಿಂದ ತೊಡಗಿದಳು.

‘ಡಾಕ್ಟರಿಗೆ ಹೇಳಿದ್ಯಾ?’ ಎಂದರು ಅತ್ತೆ, ಕಣ್ಣು ತೆರೆಯದೆ.

‘ಅವರಿಗೆ ಹೇಳಲೇಬೇಕಿತ್ತು ಅತ್ತೆ. ಫೈಲಲ್ಲೂ ಬರೆಯಬೇಕಿತ್ತು. ಬೇರೆ ಯಾರಿಗೂ ಇಲ್ಲ.’

‘ನಕ್ರಾ?’

‘ಇಲ್ಲ. ಅವರ ತಲೆ ಮೇಲೂ ಏನೂ ಇಲ್ವಲ್ಲ. ಡಬ್ಬಿ ಹೆಸರು ಕೇಳಿ ಬರ್ಕೊಂಡ್ರು.’

ಅತ್ತೆಯ ಹೊಟ್ಟೆ ಹೊದಿಕೆಯಡಿ ಕುಲುಕಿತು. ಹಸಿರು ಗೆರೆ ಒಮ್ಮೆ ಎಡವಿ ಮತ್ತೆ ನೆಟ್ಟಗಾಯಿತು. ಅವಳು ಅದು ನೆಟ್ಟಗಾಗುವವರೆಗೆ ನೋಡಿ ಆಮೇಲೆ ಉಸಿರಾಡಿದಳು. ಎಡಗಡೆಯ ಪಾಲು ಮಧ್ಯಕ್ಕೆ, ಬಲಗಡೆಯದು ಮಧ್ಯಕ್ಕೆ. ಮೋಟು ಕೂದಲು ಹೆಣಿಗೆಗೆ ಸಿಗದೆ ಹಣೆಯ ಮೇಲೆ ನಿಂತೇ ಇತ್ತು. ಇದು ಮಾತ್ರೆಯಿಂದ ಬಂದದ್ದಲ್ಲ, ಜ್ವರದಲ್ಲಿ ಉದುರಿದ್ದು ಇಷ್ಟು ತಿಂಗಳಿಗೆ ತಾನಾಗಿಯೇ ಬರುತ್ತದೆ, ನೀವು ಮೊದಲು ಹೇಳಿದ್ದೇ ನಿಜ ಎಂದು ಹೇಳಬಹುದಿತ್ತು. ಹೇಳಲಿಲ್ಲ.

‘ಮನೆಗೆ ಬಂದ್ಮೇಲೆ, ಡಾಕ್ಟರ್ ಹೂಂ ಅಂದ್ಮೇಲೆ, ಡಬ್ಬಿ ಕನ್ನಡಿ ಕಪಾಟಲ್ಲೇ ಇರತ್ತೆ ಅತ್ತೆ. ಕೆಳಗಿನ ಹಲಗೆ ಮೇಲೆ. ದಿನಕ್ಕೆ ಒಂದು, ಇಬ್ಬರಿಗೂ’ ಎಂದಳು. ಮುಂದಿನ ಮಾತಿಗೆ ಕೈ ನಿಂತಿತು. ‘ಬೀರು ಮೇಲೆ ನಾನು ಇಡಬಾರದಿತ್ತು.’

ಅತ್ತೆ ಕಣ್ಣು ತೆರೆದರು. ತಲೆ ತಿರುಗಿಸಲಿಲ್ಲ, ತಿರುಗಿಸಿದರೆ ಜಡೆ ಬಿಚ್ಚುತ್ತದೆ. ಬಲಗೈ ಹೊದಿಕೆಯೊಳಗಿಂದ ಹೊರಬಂದು, ಹಿಂದೆ ತಡಕಿ, ಅವಳ ಮಣಿಕಟ್ಟಿನ ಮೇಲೆ ಕೂತಿತು.

‘ಕಂಬಳಿಗಳನ್ನೂ ಕೆಳಗಿಳಿಸು. ನಾನು ಹತ್ತಿದ್ದು ಕಂಬಳಿಗೆ, ನೆನಪಿರಲಿ’ ಎಂದರು.

‘ನೆನಪಿರತ್ತೆ’ ಎಂದಳು. ಬಾಗಿಲಾಚೆ ಚಹಾದ ಲೋಟಗಳ ಸದ್ದು ಬರುವ ಮೊದಲು ಜಡೆಯ ತುದಿಗೆ ಗಂಟು ಹಾಕಿದಳು.